ನೀಲಿಯಾದ ಹೆಂಡತಿ

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಒಮ್ಮೆಯೂ ಅಡುಗೆ ಹೊಗಳಿದವನಲ್ಲ ಎಂಬ ಆಪಾದನೆ ನನ್ನ ಮೇಲಿದೆ. ಊರಿಗೆಲ್ಲ ಕಾಣುವಂತೆ ಹೊಗಳಿ ಒಂದೇ ಏಟಿಗೆ ಬಾಕಿ ತೀರಿಸೋಣವೆಂದು ಮಾವಿನಮಿಡಿ ಜಾಡಿಯ ಫೋಟೋ ತೆಗೆದೆ. ಫೇಸ್‌ಬುಕ್ಕಿಗೆ ಹಾಕಿ, ಕೆಳಗೆ '#ಹೆಂಡತಿ ಮಾಡಿದ ಮಿಡಿ ಉಪ್ಪಿನಕಾಯಿ' ಎಂದು ಬರೆದೆ.

ಹೆಂಡತಿ ಮಾತ್ರ ನೀಲಿಯಾದಳು. ಉಪ್ಪಿನಕಾಯಿ ಕಪ್ಪಗೇ ಉಳಿಯಿತು.

ಇದೇನಪ್ಪಾ ಎಂದು ಆ ನೀಲಿಯನ್ನು ಒತ್ತಿದೆ. ಪರದೆ ತುಂಬ ಊರೂರಿನ ಹೆಂಡತಿಯರು! ರೇಷ್ಮೆ ಸೀರೆಯವರು, ಸೆಲ್ಫಿಯವರು, ಜೊತೆಗೆ ಹೆಂಡತಿ ಜೋಕುಗಳು. ಇವರ ನಡುವೆ ನನ್ನ ಜಾಡಿ ಎಲ್ಲಿದೆಯೆಂದು ಶ್ರದ್ಧೆಯಿಂದ ಹುಡುಕುತ್ತಿದ್ದಾಗ, ಕಾಫಿ ಲೋಟ ಹಿಡಿದ ಇವಳು ಬೆನ್ನ ಹಿಂದೆ ನಿಂತಿದ್ದಳು.

"ಯಾರ್ರೀ ಇವರೆಲ್ಲ?"

"ಹೆಂಡತಿಯರು" ಎಂದೆ. ಇಷ್ಟು ನಿಜ ಹೇಳಿ ಇಷ್ಟು ಕೆಟ್ಟದಾಗಿ ಸಿಕ್ಕಿಬಿದ್ದದ್ದು ಅದೇ ಮೊದಲು.

ಮಗಳು ಬಂದು ಬಿಡಿಸಿದಳು. "ಅಪ್ಪಾ, ನಡುವೆ ಸ್ಪೇಸ್ ಬಂದ್ರೆ ಹ್ಯಾಶ್‌ಟ್ಯಾಗ್ ಅಲ್ಲಿಗೇ ಕಟ್. ಚುಕ್ಕಿ, ಹೈಫನ್ ಹಾಕಿದ್ರೂ ಅಷ್ಟೆ. ಕೂಡಿಸಿ ಬರಿ, ಇಲ್ಲಾ ಅಂಡರ್‌ಸ್ಕೋರ್ ಹಾಕು. ಅಡುಗೆಮನೆ ಡಬ್ಬಕ್ಕೆ ಚೀಟಿ ಅಂಟಿಸ್ತಾರಲ್ಲ, ಹಾಗೆ ಇದು. ಒಂದೇ ಚೀಟಿ ಇರೋದನ್ನೆಲ್ಲ ಒಂದೇ ಕಡೆ ಜೋಡಿಸಿ ತೋರಿಸುತ್ತೆ."

ಮಾನ ಹೋದಲ್ಲಿ ಜ್ಞಾನ ತೋರಿಸುವುದು ನನ್ನ ಹಳೆಯ ಚಾಳಿ. ಓದಿಕೊಂಡು ಬಂದು ರಾತ್ರಿ ಊಟಕ್ಕೆ ಕೂತಾಗ ಇತಿಹಾಸ ಬಡಿಸಿದೆ. ಟ್ವಿಟರಿನಲ್ಲಿ ಹೀಗೊಂದು ಗುರುತು ಬಳಸೋಣವೆಂದು ಕ್ರಿಸ್ ಮೆಸ್ಸಿನಾ ಎಂಬವರು ಸೂಚಿಸಿದ್ದು 2007ರ ಆಗಸ್ಟ್ 23ರಂದು. ಇದು ಕಂಪ್ಯೂಟರ್ ಹುಚ್ಚರಿಗೆ ಮಾತ್ರ ಎಂದು ಕಂಪನಿಯವರು ಮೊದಲು ಪಕ್ಕಕ್ಕೆ ಸರಿಸಿದರಂತೆ. ಅದೇ ಅಕ್ಟೋಬರಿನಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸುತ್ತ ಕಾಡ್ಗಿಚ್ಚು ಹಬ್ಬಿ, ಬೆಂಕಿಯ ಸುದ್ದಿಗಳು ಒಂದೇ ಹ್ಯಾಶ್‌ಟ್ಯಾಗ್ ಕೆಳಗೆ ಸಿಗತೊಡಗಿದಾಗ ಜನಕ್ಕೆ ಅದರ ಬೆಲೆ ತಿಳಿಯಿತು. 2009ರಲ್ಲಿ ಟ್ವಿಟರ್ ತಾನೇ ಅದನ್ನು ಒತ್ತಿದರೆ ತೆರೆಯುವ ಕೊಂಡಿಯಾಗಿಸಿತು.

"ಅವರು ಕಾಡಿಗೆ ಬೆಂಕಿ ಬಿದ್ದಾಗ ಬಳಸಿದರು, ನೀವು ಮನೆಗೆ ಹಚ್ಚೋಕೆ ಬಳಸಿದಿರಿ" ಎಂದು ಇವಳು ಸಾರು ಬಡಿಸಿದಳು.

ಮರುದಿನ ಛಲ ಹತ್ತಿತು. ಅದೇ ಜಾಡಿ, ಇಪ್ಪತ್ತೇಳು ಟ್ಯಾಗು. #ಮಿಡಿ_ಉಪ್ಪಿನಕಾಯಿ ಸರಿ, ನಾವಿರುವುದು ಮೈಸೂರಾದರೂ #ಮಲೆನಾಡು, ಜನ ಜಾಸ್ತಿ ಇರುವ ಕಡೆ ಇರಲಿ ಎಂದು #ಯೋಗ, #ಪ್ರವಾಸ, #ಕ್ರಿಕೆಟ್. ಸಂಜೆಗೆ ಮೂರು ಲೈಕು: ನಾದಿನಿ, ಷಡ್ಡಕ, ನಾನು.

ಮಗಳು ಫೋನ್ ಇಸಿದುಕೊಂಡು ನೋಡಿದಳು. "ಅಪ್ಪಾ, ನಿನ್ನ ಪೋಸ್ಟ್ ಫ್ರೆಂಡ್ಸ್‌ಗೆ ಮಾತ್ರ ಅಂತಿದೆ. ಟ್ಯಾಗ್ ಎಷ್ಟು ಹಾಕಿದ್ರೂ ಬೇರೆಯವರಿಗೆ ಕಾಣಲ್ಲ." ಆನ್‌ಲೈನ್ ಮೋಸದ ಸುದ್ದಿ ಓದಿ ಹೆದರಿ ಆ ಬೀಗ ಹಾಕಿಕೊಂಡವನೂ ನಾನೇ.

"ಬಾಗಿಲಿಗೆ ಬೀಗ ಜಡಿದು, ಒಳಗೋಡೆಗೆಲ್ಲ 'ಊಟ ತಯಾರಿದೆ' ಅಂತ ಚೀಟಿ ಅಂಟಿಸಿದ ಹಾಗಾಯ್ತು" ಎಂದಳು ಇವಳು.

ಮೌನವೇ ಲೇಸೆಂದು ಅಡುಗೆಮನೆಗೆ ಹೋಗಿ ನಾನೇ ಕಾಫಿ ಬೆರೆಸಿಕೊಂಡೆ. 'ಸಕ್ಕರೆ' ಎಂದು ಚೀಟಿ ಇದ್ದ ಡಬ್ಬದಿಂದ ಎರಡು ಚಮಚ. ಒಂದು ಗುಟುಕಿಗೇ ಸಿಂಕಿನತ್ತ ಓಡಿದೆ.

"ಇದರಲ್ಲಿ ಉಪ್ಪಿದೆಯಲ್ಲೇ!"

ನಡುಮನೆಯಿಂದಲೇ ಉತ್ತರ ಬಂತು: "ನನ್ನ ಉಪ್ಪಿನಕಾಯಿ ಕ್ರಿಕೆಟ್ ಆಗಬಹುದಾದರೆ, ಉಪ್ಪು ಸಕ್ಕರೆ ಆಗಬಾರದೇನ್ರೀ?"