ಒಂದು ಕುಟುಂಬ ಕಲಹ

ನಿವೃತ್ತನಾದ ಮೇಲೆ ನನಗೆ ಸಸ್ಯಶಾಸ್ತ್ರದ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ಎರಡು ಭಾನುವಾರ ತರಗತಿಗೆ ಹೋಗಿ, ಕೊರಳಿಗೊಂದು ಪುಟ್ಟ ಭೂತಗನ್ನಡಿ ತೂಗುಹಾಕಿಕೊಂಡೆ. ಅಂದಿನಿಂದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಂಡಿಲ್ಲ. ಅಮಟೆಕಾಯಿ ಗೊಜ್ಜು ಬಡಿಸಿದರೆ, “ಇದೂ ಮಾವಿನ ಕುಟುಂಬವೇ, ಅನಾಕಾರ್ಡಿಯೇಸಿ” ಅನ್ನುತ್ತೇನೆ. ಪಾಯಸದಲ್ಲಿ ಗೋಡಂಬಿ ಸಿಕ್ಕಿತೋ, ಗೇರುಹಣ್ಣು ಅಸಲು ಹಣ್ಣೇ ಅಲ್ಲ, ಉಬ್ಬಿದ ತೊಟ್ಟು. ಅದರ ತುದಿಗೆ ನೇತಾಡುವ ಬೀಜವೇ ನಿಜವಾದ ಹಣ್ಣು ಎಂದು ಶುರುಮಾಡುತ್ತೇನೆ. ಮುಗಿಸುವಷ್ಟರಲ್ಲಿ ಪಾಯಸ ಆರಿರುತ್ತದೆ.

ಕಳೆದ ಮಾರ್ಚಿನಲ್ಲಿ ಸಾಗರದ ಹತ್ತಿರ ಹೆಂಡತಿಯ ತವರಿಗೆ ಹೋಗಿದ್ದೆ. ಭಾವ ಅಪ್ಪೆಮಿಡಿ ಕೊಯ್ಯಿಸಲು ಹೊಳೆದಂಡೆಗೆ ಹೊರಟರು. ನಾನೂ ಬೆನ್ನು ಹತ್ತಿದೆ. ದಾರಿಯುದ್ದಕ್ಕೂ ಉಪನ್ಯಾಸ. ಮಾವಿನ ಒಂದೇ ಹೂಗೊಂಚಲಲ್ಲಿ ಸಾವಿರಾರು ಹೂ, ಬಹುಪಾಲು ಗಂಡು. ಒಂದೊಂದು ಹೂವಿನಲ್ಲೂ ದುಡಿಯುವ ಕೇಸರ ಸಾಮಾನ್ಯವಾಗಿ ಒಂದೇ, ಉಳಿದವು ಹಾಜರಿ ಹಾಕಿ ಸುಮ್ಮನೆ ನಿಂತಿರುತ್ತವೆ. “ನಿಮ್ಮ ಆಫೀಸಿನ ಹಾಗೆ,” ಎಂದರು ಭಾವ. ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತು.

ಹೊಳೆದಂಡೆಯಲ್ಲಿ ಕೊಯ್ಯುವ ಆಳು ಎಲೆಯೊಂದನ್ನು ಹಿಸುಕಿ ಮೂಸಿ, “ಇದು ಒಳ್ಳೆ ಅಪ್ಪೆ” ಎಂದು ಮರ ಹತ್ತಿದ. ಇಷ್ಟೇ ತಾನೆ ವಿದ್ಯೆ! ಪಕ್ಕದಲ್ಲೇ ಇನ್ನೊಂದು ಮರವಿತ್ತು. ಕೊಂಬೆ ತುದಿಯಲ್ಲಿ ಗುಂಪುಗಟ್ಟಿದ ಉದ್ದನೆಯ ಎಲೆ, ತೊಗಟೆಯ ಮೇಲೆ ಸೋರಿ ಗಾಳಿಗೆ ಕಪ್ಪಾದ ಸೊನೆ. ಕುಟುಂಬದ ಲಕ್ಷಣ ಒಂದೂ ತಪ್ಪಿಲ್ಲ. ಎರಡು ಎಲೆ ಕಿತ್ತು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಮೂಗಿಗೆ ಒತ್ತಿ ಮೂಸಿ, ಅದೇ ಕೈಯಲ್ಲಿ ಹಣೆಯ ಬೆವರು ಒರೆಸಿಕೊಂಡೆ.

“ಭಾವಾ, ಮುಟ್ಬೇಡಿ ಮಾರಾಯ್ರೆ, ಅದು ಹೊಲಗೇರು!”

ಏನೂ ಆಗಲಿಲ್ಲ. ರಾತ್ರಿ ಅಪ್ಪೆಹುಳಿ ಸುರಿಯುತ್ತಾ ಹಳ್ಳಿಯವರ ಭಯದ ಬಗ್ಗೆ ಇನ್ನೊಂದು ಉಪನ್ಯಾಸ ಕೊಟ್ಟೆ. ಈ ಬಳಗದ ಸೊನೆಗೆ ಅವಸರವಿಲ್ಲ ಎಂಬ ಪಾಠ ಬಹುಶಃ ಮೂರನೇ ಭಾನುವಾರದ್ದು. ಎಣ್ಣೆಯಂಥ ಅಂಶ ಚರ್ಮಕ್ಕೆ ಅಂಟಿ ಒಳಗಿಳಿಯುತ್ತದೆ. ಅದರ ಮೇಲೆ ದೇಹ ಯುದ್ಧ ಸಾರಲು ಒಂದೆರಡು ದಿನವೇ ಬೇಕಾಗಬಹುದು. ಜಪಾನಿನವರು ಮರದ ಬಟ್ಟಲಿಗೆ ಬಳಿಯುವ ಅರಗೂ, ನಮ್ಮ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸವೂ ಇದೇ ಮನೆತನದವು. ಆ ಗುರುತು ಎಷ್ಟು ಒಗೆದರೂ ಹೋಗುತ್ತಿರಲಿಲ್ಲವಂತೆ.

ಮೂರನೆಯ ಬೆಳಿಗ್ಗೆ ಎದ್ದಾಗ ಮುಖ ಹಲಸಿನಕಾಯಿ. ಮೊಬೈಲನ್ನು ಮುಖದೆದುರು ಹಿಡಿದರೆ ಗುರುತೇ ಸಿಗದೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳಿತು. “ಅದಕ್ಕಾದರೂ ಬುದ್ಧಿ ಇದೆ,” ಎಂದಳು ಹೆಂಡತಿ.

ಸಾಗರದ ಡಾಕ್ಟರು ಮಾತ್ರೆ, ಮುಲಾಮು ಕೊಟ್ಟರು. ಮನೆಗೆ ಬಂದವನು ಅಂಗಿ ಜೇಬಿನಲ್ಲಿ ಉಳಿದಿದ್ದ ಎಲೆಯನ್ನು ಅತ್ತೆಯ ಇಕ್ಕಳದಲ್ಲಿ ಹಿಡಿದು ನೋಡಿದೆ. ಒಂದೇ ಕಣ್ಣು ತೆರೆಯುತ್ತಿತ್ತು, ಭೂತಗನ್ನಡಿಗೆ ಅಷ್ಟು ಸಾಕು. ಎಲೆತೊಟ್ಟಿನ ಇಕ್ಕೆಲಗಳಲ್ಲಿ ಮುಳ್ಳಿನಂಥ ಎರಡು ಸಣ್ಣ ಚಾಚು. ಹೊಲಗೇರಿನ ಖಚಿತ ಗುರುತು ಅದೇ, ಮಾವಿಗೆ ಇರುವುದಿಲ್ಲ. ಇಕ್ಕಳ ಆಮೇಲೆ ಅಡುಗೆಮನೆಗೆ ವಾಪಸು ಹೋಗಲಿಲ್ಲ.

“ತಾರೆ ಮರಕ್ಕೆ ಸುತ್ತು ಬನ್ನಿ, ಇಳಿಯತ್ತೆ,” ಎಂದರು ಅತ್ತೆ. ತಾರೆ ಬೇರೆ ಕುಟುಂಬ, ಕಾಂಬ್ರಿಟೇಸಿ, ಇವರ ಜಗಳಕ್ಕೆ ಅದೇಕೆ ಬರುತ್ತದೆ ಎಂದು ಊದಿದ ತುಟಿಯಲ್ಲೇ ವಾದಿಸಿದೆ. ಆದರೆ ರಾತ್ರಿಯಿಡೀ ತುರಿಕೆ. ನಸುಕಿನ ಐದಕ್ಕೆ, ಯಾರೂ ಏಳುವ ಮೊದಲು, ಪಂಚೆ ಎತ್ತಿ ಕಟ್ಟಿ ಹಿತ್ತಲಿನಾಚೆಯ ದೊಡ್ಡ ಮರಕ್ಕೆ ಮೂರು ಸುತ್ತು ಬಂದೆ. ತಿರುಗಿದರೆ ಭಾವ, ಕೈಯಲ್ಲಿ ಚೊಂಬು.

“ಅದು ಮತ್ತಿ ಮರ, ಭಾವ.”

“ಕುಟುಂಬ ಒಂದೇ,” ಎಂದೆ.