ಮುದಿ ಪದ್ಮಿನಿಗೆ ಕರೆಂಟ್ ಪಂಪು ಕೂರಿಸುವ ವಿಧಾನ

ಈ ಕೈಪಿಡಿ ಯಾರಿಗೆ? ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿಗೆ ಒದ್ದೆ ಟವೆಲು ಹೊದಿಸಿ, ಹಿಂದೆ ನಿಂತ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರೂ ಕಣಿವೆಯ ಸೊಬಗು ನೋಡುತ್ತಿರುವಂತೆ ನಟಿಸಿದವರಿಗೆ. ಉಳಿದವರು ಪುಟ ಮಗುಚಬಹುದು.

ಮೊದಲು ರೋಗ ತಿಳಿಯಿರಿ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನಿನ ಪಕ್ಕೆಗೆ ಕಚ್ಚಿಕೊಂಡು ಒಂದು ಪುಟ್ಟ ಪಂಪಿದೆ. ಕ್ಯಾಮ್‌ಶಾಫ್ಟ್ ತಿರುಗಿದಾಗೆಲ್ಲ ಅದನ್ನು ತಿವಿಯುತ್ತದೆ. ಒಳಗಿನ ರಬ್ಬರ್ ಡಯಾಫ್ರಮ್ ಮೇಲೆ ಕೆಳಗೆ ಆಡಿ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಹೀರಿ ಕಾರ್ಬೊರೇಟರಿಗೆ ಕಳಿಸುತ್ತದೆ. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಪೆಟ್ರೋಲ್ ಬೇಗ ಕುದಿಯುತ್ತದೆ, ಪಂಪು ಕೂತಿರುವುದೋ ಕಾದ ಎಂಜಿನ್ನಿನ ಕಂಕುಳಲ್ಲಿ. ಆವಿಯನ್ನು ಆ ಬಡಪಾಯಿ ಎತ್ತಲಾರದು. ಕಾರು ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಸಾಲದ್ದಕ್ಕೆ ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್; ಹಳೇ ರಬ್ಬರಿಗೆ ಅದು ಒಗ್ಗುವುದಿಲ್ಲ.

ಸಾಮಾನು ತರಲು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ. ಅಂಗಡಿಯವರು ಎರಡು ಪಂಪು ತೋರಿಸುತ್ತಾರೆ. ದೊಡ್ಡದು, ಹೊಳೆಯುವುದು, ‘ಪವರ್ ಜಾಸ್ತಿ ಸಾರ್’ ಎಂದು ಮುಂದೆ ತಳ್ಳುವುದು ಇಂಜೆಕ್ಷನ್ ಕಾರಿನದು. ಒತ್ತಡ 40 ಪಿಎಸ್‌ಐಗೂ ಮೇಲೆ. ನಮ್ಮ ಕಾರ್ಬೊರೇಟರಿಗೆ ಬೇಕಾದದ್ದು 2ರಿಂದ 4. ಹೆಚ್ಚು ಕೊಟ್ಟರೆ ಫ್ಲೋಟಿನ ಸೂಜಿಯನ್ನು ನೂಕಿಕೊಂಡು ಪೆಟ್ರೋಲ್ ಉಕ್ಕಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಅಭಿಷೇಕವಾಗುತ್ತದೆ. ಬೆಂಕಿಪೊಟ್ಟಣದಷ್ಟಲ್ಲದಿದ್ದರೂ ಸೋಪಿನ ಪೆಟ್ಟಿಗೆಯಷ್ಟಿರುವ, ನೋಡಲು ಏನೇನೂ ಅಲ್ಲದ ಇನ್ನೊಂದನ್ನು ತನ್ನಿ.

ಹಂತ 1. ಬ್ಯಾಟರಿಯ ವೈರು ಬಿಚ್ಚಿ. ಬೀಡಿ ಸೇದುವ ಹಿತೈಷಿಗಳನ್ನು ಕಾಫಿಗೆ ಕಳಿಸಿ. ಟ್ಯಾಂಕಿನಲ್ಲಿ ಎಷ್ಟಿದೆ ನೋಡಿ. ಕಳ್ಳರ ಭಯಕ್ಕೆ ನನ್ನಂತೆ ಬೀಗದ ಮುಚ್ಚಳ ಹಾಕಿಸಿದವರು ಕೀಲಿ ಹುಡುಕಲು ಅರ್ಧ ಗಂಟೆ ಎತ್ತಿಡಿ.

ಹಂತ 2. ಪಂಪನ್ನು ಎಂಜಿನ್ ಹತ್ತಿರ ಕೂರಿಸುವ ಆಸೆ ಬಿಡಿ. ಕೈಗೆ ಸಿಗುತ್ತದೆ, ನಿಜ. ಆದರೆ ನಮ್ಮ ಮೆಕ್ಯಾನಿಕ್ ಹೇಳಿದಂತೆ, “ಇದು ತಳ್ಳೋ ಜಾತಿ ಸಾರ್, ಎಳೆಯೋ ಜಾತಿ ಅಲ್ಲ.” ಟ್ಯಾಂಕಿನ ಪಕ್ಕದಲ್ಲೇ, ಅದರ ತಳಮಟ್ಟದಲ್ಲಿ ಕೂರಿಸಿ. ಆಗ ಪೈಪಿನುದ್ದಕ್ಕೂ ಒತ್ತಡವಿರುತ್ತದೆ, ಪೆಟ್ರೋಲ್ ಸುಲಭಕ್ಕೆ ಆವಿಯಾಗುವುದಿಲ್ಲ. ಪಂಪಿನ ಅಡಿಗೆ ಸೈಕಲ್ ಟ್ಯೂಬಿನ ತುಂಡು ಕೊಡಿ, ಇಲ್ಲವಾದರೆ ಹಿಂದಿನ ಸೀಟಿನವರಿಗೆ ದಾರಿಯುದ್ದಕ್ಕೂ ಮರಕುಟಿಗದ ಸಂಗೀತ. ಟ್ಯಾಂಕಿಗೂ ಪಂಪಿಗೂ ನಡುವೆ ಫಿಲ್ಟರ್ ಮರೆಯಬೇಡಿ. ನಾಲ್ಕು ದಶಕದ ಟ್ಯಾಂಕಿನಲ್ಲಿ ಪೆಟ್ರೋಲಿಗಿಂತ ತುಕ್ಕೇ ಹಿರಿಯ ನಿವಾಸಿ.

ಹಂತ 3. ಹಳೇ ಪಂಪು ತೆಗೆದ ತೂತಿಗೆ ಗ್ಯಾಸ್ಕೆಟ್ ಇಟ್ಟು ತಗಡಿನ ಪ್ಲೇಟು ಬಿಗಿಯಿರಿ, ಇಲ್ಲದಿದ್ದರೆ ಎಂಜಿನ್ ಆಯಿಲ್ ಚಿಮ್ಮುತ್ತದೆ. ಮಮತೆಯಿಂದ ಹಳೇ ಪಂಪನ್ನು ಅಲ್ಲೇ ಬಿಟ್ಟು ಅದರ ಮೂಲಕವೇ ಪೆಟ್ರೋಲ್ ಹಾಯಿಸಿದರೆ, ಡಯಾಫ್ರಮ್ ಹರಿದ ದಿನ ಹೊಸ ಪಂಪು ಪೆಟ್ರೋಲನ್ನು ನೇರ ಆಯಿಲ್ ಚೇಂಬರಿಗೇ ಇಳಿಸುತ್ತದೆ.

ಹಂತ 4, ಕರೆಂಟು. ಇಗ್ನಿಷನ್ನಿನಿಂದ ರಿಲೇಗೆ, 5 ಆಂಪಿಯರ್ ಫ್ಯೂಸ್, ಪೇಂಟ್ ಕೆರೆದು ಗಟ್ಟಿ ಅರ್ತಿಂಗ್. ಜೊತೆಗೆ, ಎಂಜಿನ್ ನಿಂತರೆ ಪಂಪಿನ ಕರೆಂಟು ಕಡಿಯುವ ಆಯಿಲ್ ಪ್ರೆಷರ್ ಸ್ವಿಚ್ಚು ಹಾಕಿಸಿ, ಇದರಲ್ಲಿ ತಮಾಷೆಯಿಲ್ಲ. ಹಳೇ ಪಂಪು ಎಂಜಿನ್ ನಿಂತರೆ ತಾನೂ ನಿಲ್ಲುತ್ತಿತ್ತು. ಹೊಸದಕ್ಕೆ ಆ ಬುದ್ಧಿಯಿಲ್ಲ, ಕಾರು ಮರಕ್ಕೆ ಗುದ್ದಿ ಪೈಪು ಹರಿದರೂ ಕೀಲಿ ಆನ್ ಇರುವವರೆಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಹಂತ 5. ಕೀಲಿ ತಿರುಗಿಸಿ ಸ್ಟಾರ್ಟರ್ ಹೊಡೆಯಿರಿ. ಟಿಕಟಿಕಟಿಕಟಿಕ... ಫ್ಲೋಟ್ ಬಟ್ಟಲು ತುಂಬಿದಂತೆ ಟಿಕ್... ಟಿಕ್... ಆಮೇಲೆ ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ ಉಸಿರು ಬಿಗಿಹಿಡಿಯುವಷ್ಟು ಹೊತ್ತು. “ಡಿಕ್ಕೀಲಿ ಅಲಾರಂ ಗಡಿಯಾರ ಏನಾದ್ರೂ ಬಿಟ್ಟಿದ್ದೀರೇನ್ರೀ?” ಎಂದಳು ಹೆಂಡತಿ. ಬಾನೆಟ್ ತೆರೆದು ಪ್ರತಿ ಕ್ಲಿಪ್ಪನ್ನೂ ಬೆರಳಿನಿಂದ ಸವರಿ ಮೂಸಿ ನೋಡಿ. ವಾಸನೆಯಿಲ್ಲದಿದ್ದರೆ ಕೆಲಸ ಮುಗಿಯಿತು.

ಚಾರ್ಮಾಡಿ ಹತ್ತಿಸಿ. ಕೊಟ್ಟಿಗೆಹಾರ ಇನ್ನೇನು ಬಂತು ಅನ್ನುವಾಗ ಕಾರು ಎರಡು ಸಲ ಕೆಮ್ಮಿ ನಿಲ್ಲುತ್ತದೆ.

ನನ್ನದಂತೂ ನಿಂತಿತು. ಸ್ಟಾರ್ಟರ್ ಹೊಡೆದಾಗೆಲ್ಲ ಹಿಂದೆ ಡಬ್ಬಾ ಬಡಿದಂತೆ ಟಿಕಟಿಕ ಕೇಳುತ್ತಿದೆ, ಮುಂದೆ ಹನಿ ಪೆಟ್ರೋಲಿಲ್ಲ. ಹಿಂದಿನಿಂದ ಬಂದ ಎಸ್ಟೇಟ್ ಜೀಪಿನ ಡ್ರೈವರು ಇಳಿದು ಕಾರನ್ನು ಒಂದು ಸುತ್ತು ಹಾಕಿ, ಟ್ಯಾಂಕಿನ ಬೀಗದ ಕೀಲಿ ಕೇಳಿದ. ಮುಚ್ಚಳ ತಿರುಗಿಸುತ್ತಲೇ ‘ಸುಯ್ಯ್’ ಎಂದು ಗಾಳಿ ಒಳಗೆ ನುಗ್ಗಿತು. ಡೂಪ್ಲಿಕೇಟ್ ಮುಚ್ಚಳಕ್ಕೆ ಗಾಳಿಯ ತೂತೇ ಇರಲಿಲ್ಲ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ. ಅದರ ವಿರುದ್ಧ ಯಾವ ಪಂಪು ತಾನೇ ಎಳೆದೀತು? ಇಪ್ಪತ್ತು ನಿಮಿಷ ಕಾದರೆ ಸಂದಿಯಿಂದ ಗಾಳಿ ಸೋರಿ ಕಾರು ಹೊರಡುತ್ತಿತ್ತು. ಆ ಇಪ್ಪತ್ತು ನಿಮಿಷದ ಕೀರ್ತಿಯನ್ನು ಎರಡು ವರ್ಷ ನಾನು ಟವೆಲಿಗೆ ಕೊಟ್ಟಿದ್ದೆ.

ಹಂತ 0. ಕಾರು ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಡಿ. ಸುಯ್ ಎಂದರೆ ಮುಚ್ಚಳ ಬದಲಿಸಿ. ಅನ್ನದಿದ್ದರೆ ಹಂತ 1ಕ್ಕೆ ಹೋಗಿ.