ಹತ್ತಲು ಕಾಲು, ಇಳಿಯಲು ರೆಕ್ಕೆ

ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲೇರಿ ಹೋಗಿ, ಬಸ್ಸಿನಲ್ಲಿ ಇಳಿದು ಬರುವವರನ್ನು ಕಂಡರೆ ನನಗೆ ಬಹಳ ಗೌರವ. ಸಾವಿರ ಮೆಟ್ಟಿಲಿನ ಪುಣ್ಯವೂ ಪೂರ್ತಿ ಸಿಕ್ಕಿತು, ಮಂಡಿಯೂ ಉಳಿಯಿತು. ಹಿಮಾಲಯದ ಹಿಮಕೋಳಿ ದಿನಾ ಮಾಡುವುದು ಇದನ್ನೇ. ವ್ಯತ್ಯಾಸವಿಷ್ಟೆ, ಅದರ ಬಸ್ಸು ಅದರ ಬೆನ್ನ ಮೇಲೇ ಇದೆ, ಟಿಕೆಟ್ಟಿನ ಗೋಜಿಲ್ಲ.

ನಮ್ಮ ನವಿಲು, ಕಾಡುಕೋಳಿ, ಗೌಜಲಹಕ್ಕಿಗಳ ದಾಯಾದಿ ಇದು. ಅವು ಬಯಲು, ಕಾಡುಗಳನ್ನು ಹಂಚಿಕೊಂಡ ಮೇಲೆ ಇದರ ಪಾಲಿಗೆ ಬಂದದ್ದು ಮರವೂ ಬೆಳೆಯದ ಕಲ್ಲುಗುಡ್ಡೆ. ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಪರ್ವತಗಳಿಂದ ಲಡಾಖ್, ನೇಪಾಳದವರೆಗೆ ಇದರ ಸಂಸಾರ ಹರಡಿದೆ. ಬೇಸಿಗೆಯಲ್ಲಿ 4,000 ಮೀಟರಿಗೂ ಮೇಲೆ ವಾಸ. ಚಳಿಗಾಲದಲ್ಲಿ ಹಿಮ ಮೇವನ್ನು ಮುಚ್ಚಿದಾಗ ಮಾತ್ರ ಒಲ್ಲದ ಮನಸ್ಸಿನಿಂದ ಕೆಳಕ್ಕೆ. 1843ರಲ್ಲಿ ಜಾರ್ಜ್ ರಾಬರ್ಟ್ ಗ್ರೇ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಇದಕ್ಕೊಂದು ಲ್ಯಾಟಿನ್ ಹೆಸರಿಟ್ಟ. ಕಾಶ್ಮೀರದ ಕಡೆಯ ಶಿಕಾರಿಗಳಿಗೆ ಮಾತ್ರ ಅದು ರಾಮ್ ಚಕೋರ್.

ಮೈಬಣ್ಣ ಬೂದು. ಬಿಳಿ ಮುಖದ ಪಕ್ಕದಿಂದ ಕತ್ತಿನವರೆಗೆ ಕಂದು ಪಟ್ಟಿ, ಮೈತುಂಬ ಕಲ್ಲಿನದೇ ಗೆರೆಗಳು. ಸುಮ್ಮನೆ ಕೂತರೆ ಬಂಡೆ, ಎದ್ದು ನಡೆದರೆ ಮಾತ್ರ ಕೋಳಿ. ತೂಕ ಎರಡು ಮೂರು ಕಿಲೋ. ಅಷ್ಟು ಭಾರವನ್ನು ಗಿಡ್ಡ, ದುಂಡು ರೆಕ್ಕೆ ಬಡಿದು ಮೇಲಕ್ಕೆತ್ತುವುದು ದುಬಾರಿ ವ್ಯವಹಾರ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ತೆಳುಗಾಳಿಯಲ್ಲಿ ರೆಕ್ಕೆಗೂ ಹಿಡಿತ ಸಾಲದು, ಶ್ವಾಸಕ್ಕೂ ಸಾಲದು.

ಆದ್ದರಿಂದ ದಿನಚರಿ ಹೀಗೆ. ಬೆಳಗಾಗುತ್ತಲೇ ರಾತ್ರಿ ತಂಗಿದ ಕಡಿದಾದ ಬಂಡೆಯಿಂದ ಒಮ್ಮೆ ಜಿಗಿದು, ರೆಕ್ಕೆ ಚಾಚಿ, ಸಿಳ್ಳೆ ಹಾಕುತ್ತಾ ಕಣಿವೆಯತ್ತ ತೇಲಿಬಿಡುವುದು. ಆಮೇಲೆ ದಿನವಿಡೀ ಮೇಯುತ್ತ ಮೇಲಕ್ಕೆ ನಡಿಗೆ. ಇಲ್ಲೊಂದು ಹುಲ್ಲಿನ ಎಸಳು, ಅಲ್ಲೊಂದು ಚಿಗುರು. ಗಟ್ಟಿ ಕೊಕ್ಕಿನಿಂದ ಮಣ್ಣು ಬಗೆದರೆ ಒಂದು ಗೆಡ್ಡೆ. ಅವಸರವೇ ಇಲ್ಲ. ಏರುದಾರಿಯ ಮಧ್ಯೆ ಊಟವನ್ನು ಹರಡಿಟ್ಟವನು ದೇವರೇ ಆಗಿರುವಾಗ, ನಡೆದವನಿಗೆ ದಣಿವು ತಿಳಿಯುವುದೆಲ್ಲಿ?

ಮೇಯುವಾಗ ಒಂದು ಕೋಳಿ ಎತ್ತರದ ಕಲ್ಲಿನ ಮೇಲೆ ಕಾವಲು ನಿಲ್ಲುವುದುಂಟು. ಮೇಲಿನಿಂದ ಹೊನ್ನ ಹದ್ದು, ಕೆಳಗಿನಿಂದ ಹಿಮಚಿರತೆ. ಎರಡು ಕಡೆ ಕಣ್ಣಿಡಬೇಕಾದ ಕೆಲಸ. ಅದು ಕೂಗಿದರೆ ಪಕ್ಕದಲ್ಲಿ ಮೇಯುತ್ತಿದ್ದ ಐಬೆಕ್ಸ್ ಎಂಬ ಕಾಡುಮೇಕೆಗಳೂ ಕಾಲಿಗೆ ಬುದ್ಧಿ ಹೇಳುತ್ತವೆ. ಅರ್ಧ ದಿನ ಹೊಟ್ಟೆಯ ಮೇಲೆ ತೆವಳಿ ಬಂದ ಶಿಕಾರಿಗೆ ಆಗ ಬಾಯಿಗೆ ಬರುವ ಮಾತು ಅಚ್ಚಿಗೆ ಯೋಗ್ಯವಲ್ಲ.

ಈ ಕೋಳಿಯ ಮೇಲೆ ಅಮೆರಿಕದ ನೆವಾಡಾ ರಾಜ್ಯಕ್ಕೆ ಮನಸ್ಸಾಯಿತು. ತಮ್ಮ ಎತ್ತರದ ಬೋಳು ಶಿಖರಗಳಲ್ಲಿ ಬೇಟೆಗೊಂದು ಹಕ್ಕಿ ಬೇಕೆಂದು ಅಲ್ಲಿನ ವನ್ಯಜೀವಿ ಇಲಾಖೆಗೆ ಅನ್ನಿಸಿತ್ತು. ಪಾಕಿಸ್ತಾನದ ಹುಂಜಾದಿಂದ ತರಿಸಿದ ಹಿಮಕೋಳಿಗಳನ್ನು 1963ರಲ್ಲಿ ರೂಬಿ ಪರ್ವತಗಳಲ್ಲಿ ಬಿಡತೊಡಗಿದರು. 1979ರ ಹೊತ್ತಿಗೆ, ಸಾಕಿ ಬೆಳೆಸಿದವೂ ಸೇರಿ, ಸುಮಾರು 2,000 ಕೋಳಿಗಳನ್ನು ಬಿಟ್ಟಿದ್ದರು. ಅವು ಬೇರೂರಿದವು. ವೀಸಾ, ಗ್ರೀನ್ ಕಾರ್ಡ್‌ಗಳ ರಗಳೆಯಿಲ್ಲದೆ ನೆಲೆಸಿದ ಅಪರೂಪದ ಏಷ್ಯಾದ ಸಂಸಾರ. ಅಲ್ಲಿನ ಸ್ವಾಗತದ ಕ್ರಮ ಮಾತ್ರ ಸ್ವಲ್ಪ ಬೇರೆ: 1980ರಲ್ಲೇ ಬೇಟೆಗೆ ಅನುಮತಿ ಸಿಕ್ಕಿತು.

ಬೇಟೆಗಾರರ ಹಿಂದೆಯೇ ಪಕ್ಷಿವೀಕ್ಷಕರೂ ಬಂದರು. ಇಡೀ ಉತ್ತರ ಅಮೆರಿಕದಲ್ಲಿ ಈ ಹಕ್ಕಿ ಸ್ವತಂತ್ರವಾಗಿ ಬದುಕುತ್ತ ಸಿಗುವುದು ನೆವಾಡಾದ ಆ ಒಂದು ಮೂಲೆಯಲ್ಲಿ; ತಾವು ಕಂಡ ಹಕ್ಕಿಗಳ ಪಟ್ಟಿಗೆ ಸೇರಿಸದೆ ಬಿಡುವುದು ಹೇಗೆ? ಲಮೊಯಿಲ್ ಕಣಿವೆಯಲ್ಲಿ ಕಾರಿನ ರಸ್ತೆ ಮುಗಿದ ಮೇಲೆ ಕತ್ತಲಲ್ಲೇ ಹತ್ತಲು ಶುರುಮಾಡಬೇಕು. ಕಾಲಿನ ಮೇಲೆ ನಂಬಿಕೆಯಿಲ್ಲದ ಕಾಸುಳ್ಳವರು ಹೆಲಿಕಾಪ್ಟರನ್ನೇ ಬಾಡಿಗೆಗೆ ಹಿಡಿದದ್ದೂ ಉಂಟು! ಹಾರಬಲ್ಲ ಹಕ್ಕಿ ನಡೆದೇ ಹತ್ತುವ ಬೆಟ್ಟವನ್ನು ಮನುಷ್ಯ ಹಾರಿ ಹತ್ತುತ್ತಾನೆ.

ಬಂದೂಕಿನವನಾಗಲಿ, ದುರ್ಬೀನಿನವನಾಗಲಿ, ಹಿಮಕೋಳಿಗೆ ಇಬ್ಬರೂ ಒಂದೇ. ಅವರು ಏದುಸಿರು ಬಿಡುತ್ತ ಹತ್ತಿರ ಬರುವ ತನಕ ಬಂಡೆಗಳ ನಡುವೆ ಇನ್ನಷ್ಟು ಮೇಲಕ್ಕೆ ನಡೆಯುತ್ತದೆ. ಕೊನೆಗೆ ಅಂಚಿಗೆ ಬಂದು, ಸಿಳ್ಳೆ ಹಾಕಿ, ಅವರು ನಾಲ್ಕು ಗಂಟೆ ಹತ್ತಿದ್ದನ್ನು ಅರೆನಿಮಿಷದಲ್ಲಿ ಇಳಿದುಬಿಡುತ್ತದೆ. ಪಟ್ಟಿಯಲ್ಲಿ ಗುರುತು ಹಾಕಿಕೊಂಡವನೂ ಗುಂಡು ತಪ್ಪಿದವನೂ ಮಂಡಿ ಹಿಡಿದುಕೊಂಡು ಒಂದೇ ದಾರಿಯಲ್ಲಿ ಇಳಿಯಬೇಕು. ಅಲ್ಲಿಗಿನ್ನೂ ಬಸ್ಸು ಬಂದಿಲ್ಲ.